ಅಜ್ಜಿ, ಅವ್ವ, ಮಗಳು

೩೦ ಅಕ್ಟೋಬರ್ ೧೯೮೭, ಶುಕ್ರವಾರ
ಹುಮನಾಬಾದ್

ಚಪ್ಪಲಿ ಹೊರಗೆ. ಪರದೆ ಎಳೆದೆ. ಎಸಿ ಹಾಕಿದೆ — ಕಂಪ್ಯೂಟರಿಗೆ, ನನಗಲ್ಲ. ಈ ಕಬ್ಬು ಬೆಳೆಗಾರರ ಸಂಘದಲ್ಲಿ ಸೆಕ್ರೆಟರಿ ಶರಣಪ್ಪನವರಿಗೂ ಎಸಿ ಇಲ್ಲ. ಅವರು ವರ್ತಮಾನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಾರೆ, ನಾನು ಸ್ವೆಟರ್ ಹಾಕಿಕೊಂಡು ಕೂರುತ್ತೇನೆ. ಹಾಗಾಗಿ ಒಳಗೆ ಬಂದಾಗಲೆಲ್ಲ ನನ್ನ ಸ್ವೆಟರ್ ನೋಡಿ ಅವರಿಗೆ ಸಿಟ್ಟು.

ಬೆಳಿಗ್ಗೆಯಿಂದ ಅದೇ ಕೆಲಸ. ಕಬ್ಬು ಬೆಳೆದವರ ಹೆಸರು, ಊರು, ನಾಟಿಯ ತಾರೀಖು. ಯಾರದು ಮೊದಲು ನಾಟಿಯೋ ಅವರಿಗೆ ಮೊದಲು ಕಟಾವಿನ ಚೀಟಿ. ಚೀಟಿ ಇಲ್ಲದೆ ಕಡಿಯುವ ಗ್ಯಾಂಗು ಹೊಲಕ್ಕೆ ಕಾಲಿಡುವುದಿಲ್ಲ. ಹತ್ತು-ಹದಿನೈದು ದಿನದಲ್ಲಿ ಲಿಸ್ಟ್ ಮುಗಿಯುತ್ತದೆ.

ಶುಕ್ರವಾರ ಬ್ಯಾಕಪ್. ಟ್ರೇನಿಂಗ್ ಪುಸ್ತಕದಲ್ಲಿ ಮೂರು ನಕಲಿಗೆ ಅಜ್ಜ, ಅಪ್ಪ, ಮಗ ಎಂದು ಹೆಸರು. ಹೊಸದು ಮಗ, ಹೋದ ವಾರದ್ದು ಅಪ್ಪ, ಅದರ ಹಿಂದಿನದು ಅಜ್ಜ. ಒಂದು ಕೆಟ್ಟರೆ ಇನ್ನೊಂದರಿಂದ ಎಬ್ಬಿಸಬಹುದು. ನಾನು ಫ್ಲಾಪಿಗಳ ಮೇಲೆ ಅಜ್ಜಿ, ಅವ್ವ, ಮಗಳು ಎಂದು ಬರೆದು ಅಂಟಿಸಿದ್ದೇನೆ. ಗಂಡಸರ ವಂಶಾವಳಿ ಸಾಕಷ್ಟು ಇವೆ.

ಮಗಳು, ಅವ್ವ ಇಬ್ಬರೂ ಕೆಲಸದ ಫ್ಲಾಪಿಯ ಜೊತೆ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ. ಅಜ್ಜಿ ಮಾತ್ರ ನನ್ನ ಟಿಫಿನ್ ಚೀಲದಲ್ಲಿ ಮನೆಗೆ. ಒಂದು ನಕಲು ಕಟ್ಟಡದ ಹೊರಗಿರಬೇಕು ಎಂಬುದು ಪುಸ್ತಕದ ಕಾನೂನು. ಕಚೇರಿಯ ಗುಂಡುಸೂಜಿಯೂ ಹೊರಗೆ ಹೋಗಬಾರದು ಎಂಬುದು ಶರಣಪ್ಪನವರ ಕಾನೂನು. ನಾನು ಪುಸ್ತಕದ ಕಡೆ. ಅವರಿಗೆ ಗೊತ್ತಿಲ್ಲ.

ಮನೆಯಲ್ಲಿ ನಿಜವಾದ ಅಜ್ಜಿ, ಅವ್ವನ ತಾಯಿ ಯಶೋದಾಬಾಯಿ — ಕೆಲಸಕ್ಕೆಂದು ನಾನಿರುವುದು ಅವಳ ಮನೆಯಲ್ಲೇ — ಅದನ್ನು ತನ್ನ ತಗಡಿನ ಪೆಟ್ಟಿಗೆಯಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಳು. ಪೆಟ್ಟಿಗೆ ಮುಚ್ಚುತ್ತ ಕೇಳಿದಳು:

"ನಿನ್ನ ಮಿಶೀನಿನ ಕೆಲಸ ಯಾವಾಗ ಮುಗೀತದ, ಕೇಶ್ರಿ? ಮಾರ್ಗಶಿರದಾಗ ಚಲೋ ಮುಹೂರ್ತ ಅವ."

"ಮುಗೀತದ ಅಜ್ಜಿ."

ದಸರೆಯಲ್ಲಿ ನಾನೇ ಕೊಟ್ಟ ಮಾತು. ಲಿಸ್ಟ್ ಪೂರ್ತಿಯಾಗಲಿ, ಕೆಲಸ ಬಿಡುತ್ತೇನೆ, ಮದುವೆ ಮಾಡಿ. ವರ ತುಳಜಾರಾಮ ಮಾಮಾ. ಅವ್ವನ ತಮ್ಮ, ಅಜ್ಜಿಯ ಕಿರಿಮಗ. ನಾನು ಹುಟ್ಟಿದಾಗ ತೊಟ್ಟಿಲ ಮುಂದೆಯೇ ಅಜ್ಜಿ ಹೇಳಿಬಿಟ್ಟಿದ್ದಳಂತೆ — ಇದು ನನ್ನ ತುಳಜ್ಯಾಗ. ಆಗ ಅವನು ಹದಿಮೂರರ ಹುಡುಗ. ನಾನು ಅಳುತ್ತಿದ್ದೆನಂತೆ. ಯಾರೂ ಕೇಳಿಸಿಕೊಳ್ಳಲಿಲ್ಲ.

೧ ನವೆಂಬರ್, ಭಾನುವಾರ

ಸಂಘದಲ್ಲಿ ರಾಜ್ಯೋತ್ಸವ. ಮೈಕ್ ಮಾಮಾನದು — ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಅವನ ಸೌಂಡ್ ಸರ್ವಿಸ್ ಅಂಗಡಿ. ಬೇವಿನ ಮರಕ್ಕೆ ಲೌಡ್‌ಸ್ಪೀಕರಿನ ಭೋಂಗಾ ಕಟ್ಟಿ ಬೆಳಿಗ್ಗೆಯಿಂದ ಹಲೋ ಹಲೋ. ಭಾಷಣ ಉದ್ದವಾಯಿತು. ಶರಣಪ್ಪನವರು ಕಂಪ್ಯೂಟರಿನ ಬಗ್ಗೆಯೇ ಅಷ್ಟು ಹೊತ್ತು ಮಾತಾಡಿದರು, ಅದನ್ನು ಅವರೇ ಹೆತ್ತಂತೆ.

ಮುಗಿದ ಮೇಲೆ ಮಾಮಾನಿಗೆ ಚಿಟಗುಪ್ಪದಲ್ಲಿ ಇನ್ನೊಂದು ಕಾರ್ಯಕ್ರಮ. ಭೋಂಗಾದ ಹಿಂದಿನ ಯೂನಿಟ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಸೊಲ್ಲಾಪುರದಿಂದ ತಂದ ಹೊಸದು. ಏನು ಭಾರ!

"ಕೇಶರ, ಇದನ್ನ ಜರಾ ಜ್ವಾಕಿ ಮಾಡು. ಇಲ್ಲಿ ಇಟ್ರ ಯಾರರೆ ಹೊಡಕೊಂಡ್ ಹೋಗ್ತಾರ."

ಈ ಕಚೇರಿಯಲ್ಲಿ ಬೀಗವಿರುವ ಒಂದೇ ಜಾಗ ನನ್ನ ಕಪಾಟು. ಫ್ಲಾಪಿ ಡಬ್ಬಿಯ ಮೇಲೆ ಇಟ್ಟೆ. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದೆ. ನಾಳೆ ರಜೆ.

೩ ನವೆಂಬರ್, ಮಂಗಳವಾರ

ಬೆಳಿಗ್ಗೆ ಮಾಮಾ ಬಂದು ಯೂನಿಟ್ ಒಯ್ದ. ನಾನು ಕೆಲಸಕ್ಕೆ ಕೂತೆ.

ಓದುತ್ತಿಲ್ಲ.

ಕೆಲಸದ ಫ್ಲಾಪಿ ಹಾಕಿದೆ — ಡ್ರೈವ್ ಕರಕರ ಅಂದು ಸ್ಕ್ರೀನಿನ ಮೇಲೆ: ಅಬಾರ್ಟ್, ರೀಟ್ರೈ, ಇಗ್ನೋರ್? ಬಿಟ್ಟುಬಿಡಲೋ, ಮತ್ತೆ ನೋಡಲೋ, ಕಣ್ಣು ಮುಚ್ಚಿಕೊಂಡು ಮುಂದೆ ಹೋಗಲೋ. ರೀಟ್ರೈ. ಮತ್ತೆ ಅದೇ. ಮಗಳನ್ನು ಹಾಕಿದೆ. ಅದೇ. ಅವ್ವನನ್ನು ಹಾಕಿದೆ. ಅದೇ. ಬೆರಳು ನೋಯುವವರೆಗೆ ರೀಟ್ರೈ ಒತ್ತಿದೆ.

ಆಮೇಲೆ ಪುಸ್ತಕ ತೆಗೆದೆ. ಫ್ಲಾಪಿಯನ್ನು ಯಾವುದರಿಂದ ದೂರ ಇಡಬೇಕು ಎಂಬುದಕ್ಕೆ ಚಿತ್ರ ಇವೆ. ನೀರು, ಬಿಸಿಲು, ಟೆಲಿಫೋನು, ಲಾಳದ ಆಕಾರದ ಅಯಸ್ಕಾಂತ. ಭೋಂಗಾದ ಚಿತ್ರ ಇಲ್ಲ. ಆದರೆ ಯೂನಿಟ್ಟಿಗೆ ಮೊಳೆ ಅಂಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಾಮಾ ಆಟ ಆಡಿಸುತ್ತಿದ್ದ.

ನಾನೇ ಇಟ್ಟೆ. ನಾನೇ ಬೀಗ ಹಾಕಿದೆ. ಎರಡು ಸಲ ಜಗ್ಗಿದೆ.

೭ ನವೆಂಬರ್, ಶನಿವಾರ

ಹೈದರಾಬಾದಿನಿಂದ ಎಂಜಿನಿಯರ್ ಬಂದ. ಬದ್ರುದ್ದೀನ್. ಶಾಂತ ಮನುಷ್ಯ. ಮಧ್ಯಾಹ್ನದವರೆಗೆ ಕೆಲಸದ್ದು, ಮಗಳು, ಅವ್ವ — ಮೂರೂ ಫ್ಲಾಪಿಗಳನ್ನು ಒಂದೊಂದು ಸೆಕ್ಟರ್ ಹಿಡಿದು ನೋಡಿದ. ಅಲ್ಲೊಂದು ಇಲ್ಲೊಂದು ಹೆಸರಿನ ತುಂಡು — ಪ್ಪ, ಖೇಡ, ಬಾಯಿ. ಅಷ್ಟೇ ಉಳಿದಿರುವುದು. ಶರಣಪ್ಪನವರಿಗೆ ಹೇಳಿ ನನ್ನ ಕಡೆ ತಿರುಗಿದ.

"ಸಾಫ್ ಆಗ್ಯಾವ್ರಿ ಸಾಹೇಬ್. ಪೂರಾ. ಕಪಾಟಿನಾಗ ಮತ್ತೇನ್ ಇಟ್ಟಿದ್ರಿ?"

"ಫೈಲ್‌ರಿ," ಅಂದೆ. ಮಾಮಾನ ಹೆಸರು ಹೇಳಿದರೆ ಶರಣಪ್ಪನವರು ಅವನ ಅಂಗಡಿಯ ಮೇಲೆ ಹೋಗುತ್ತಾರೆ. ಇಲ್ಲಿಯವರೆಗೆ ಸರಿ.

"ಮತ್ತ ಮೂರನೇ ಕಾಪಿ? ಅದು ಎಲ್ಲಿ ಅದ?"

ಅಜ್ಜಿಯ ಪೆಟ್ಟಿಗೆಯಲ್ಲಿದೆ, ಸಾಯಂಕಾಲ ತರುತ್ತೇನೆ, ಎರಡು ವಾರದ ಹೊಸ ಹೆಸರು ಸೇರಿಸಿದರೆ ಮುಗಿಯಿತು. ಇಷ್ಟು ಹೇಳಬೇಕಿತ್ತು. ಬಾಯಿ ತೆರೆದೆ.

"ಅದೂ ಇಲ್ಲೇ ಇತ್ರಿ. ಅದೂ ಹೋಯ್ತ್ರಿ."

ಡಬ್ಬಿಯಿಂದ ಒಂದು ಖಾಲಿ ಫ್ಲಾಪಿ ತೆಗೆದು ಇದೇ ಅದು ಎಂದು ಕೊಟ್ಟೂಬಿಟ್ಟೆ. ಬದ್ರುದ್ದೀನ್ ಅದನ್ನು ನೋಡಿದ, ನನ್ನನ್ನು ನೋಡಿದ, ತನ್ನ ಚೀಲ ಕಟ್ಟಿದ. ಶರಣಪ್ಪನವರು ತಲೆ ಮೇಲೆ ಕೈ ಹೊತ್ತು ಕೂತರು. ಇನ್ನು ಗೋಣಿಚೀಲದಲ್ಲಿರುವ ಅರ್ಜಿಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಟೈಪ್ ಮಾಡಬೇಕು. ಎರಡು ತಿಂಗಳಾದರೂ ಬೇಕು ಅಂದೆ. ಎಷ್ಟು ಸಲೀಸಾಗಿ ಅಂದೆ!

೮ ನವೆಂಬರ್, ಭಾನುವಾರ

ಅಜ್ಜಿಗೆ ಹೇಳಿದೆ, ಎಲ್ಲ ಅಳಿಸಿಹೋಗಿದೆ, ಮತ್ತೆ ಬರೆಯಬೇಕು ಎಂದು. "ಎರಡು ತಿಂಗಳಾ? ಮಾರ್ಗಶಿರ ಹೋಯ್ತಲ್ಲೇ! ಪುಷ್ಯದಾಗ ಮದಿವಿ ಮಾಡಾಂಗಿಲ್ಲ. ಮಾಘದ ಮಟ ಕಾಯ್ಬೇಕು." ಸೆರಗಿನಿಂದ ಮೂಗು ಒರೆಸಿಕೊಂಡಳು.

ನನಗೆ ಖುಷಿಯಾಯಿತು. ಇಲ್ಲಿ ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳುವಂತಿಲ್ಲ. ಎಷ್ಟು ಖುಷಿ ಎಂದರೆ ಹಿತ್ತಲಿಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ.

ಮಾಮಾ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಉರುಸು ತೋರಿಸಿದವನು. ಕಾಮಾಲೆಯಾದಾಗ ಪಕ್ಕದಲ್ಲಿ ಕೂತು ಎಳನೀರು ಕುಡಿಸಿದವನು. ಹುಡುಗಿಗೆ ಕಂಪ್ಯೂಟರ್ ಯಾಕೆ ಎಂದು ಅಪ್ಪ ಅಂದಾಗ ಗುಲಬರ್ಗಾಕ್ಕೆ ಕೋರ್ಸಿಗೆ ಕಳಿಸಿದವನು. ನಾನು ದೊಡ್ಡವಳಾಗಲಿ ಎಂದು ಕಾಯುತ್ತಾ ಕೂದಲು ನೆರೆಸಿಕೊಂಡಿದ್ದಾನೆ — ಹಾಗೆಂದು ಎಲ್ಲರೂ ಹೇಳುತ್ತಾರೆ. ಅಂಥವನಿಗೆ ಒಲ್ಲೆ ಅನ್ನುವುದು ಹೇಗೆ? ಯಾವ ಬಾಯಿಂದ?

ಅವನು ನನ್ನ ಮಾಮಾ. ಅಷ್ಟೇ. ಅದಕ್ಕಿಂತ ಮುಂದೆ ನನ್ನ ತಲೆ ಹೋಗುವುದಿಲ್ಲ, ಮೈಯೂ ಹೋಗುವುದಿಲ್ಲ.

೧೬ ನವೆಂಬರ್, ಸೋಮವಾರ

ಈಗ ನನ್ನನ್ನು ಒಳಗಿಟ್ಟು ಹೊರಗಿನಿಂದ ಕೀಲಿ ಹಾಕುತ್ತಾರೆ. ಲಿಸ್ಟ್ ಇಲ್ಲ ಎಂದು ಗೊತ್ತಾದದ್ದೇ ತಡ, ನಮ್ಮ ಹೆಸರು ಮೇಲೆ ಹಾಕು ಎಂದು ದೊಡ್ಡ ದೊಡ್ಡ ರುಮಾಲುಗಳು ಒಳಗೆ ನುಗ್ಗತೊಡಗಿದವು. ಶರಣಪ್ಪನವರು ಕೀಲಿಯನ್ನು ಕಚೇರಿ ಗುಡಿಸುವ ಕುಲ್ಸುಮ್ ಬೀಯ ಸೊಂಟಕ್ಕೆ ಕಟ್ಟಿಬಿಟ್ಟರು. ಬಾಗಿಲು ತಟ್ಟಿದರೆ ತೆಗೆಯುತ್ತಾಳೆ. ಸಲ ಸಲಕ್ಕೂ "ಕ್ಯಾ ಬೇಟಾ, ಜೇಲು?" ಎಂದು ನಗುತ್ತಾಳೆ.

ಕಿಟಕಿಗೆ ಹಲಗೆ ಹೊಡೆದಿದ್ದಾರೆ, ಧೂಳು ಬರಬಾರದೆಂದು. ಅರ್ಜಿ ಕೊಡಲು ಗೋಡೆಯಲ್ಲಿ ಒಂದು ಕಿಂಡಿ, ಅಷ್ಟೇ. ವಿಚಿತ್ರವೆಂದರೆ ಈ ಜೈಲಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಸಂಜೆ ಕೀಲಿ ತೆಗೆದಾಗಲೇ ಎದೆ ಭಾರ.

ಕಿಂಡಿಯಲ್ಲಿ ಇವತ್ತು ಒಂದು ಮುಖ. ಬೇಮಳಖೇಡದ ಗಯಾಬಾಯಿ. ಗಂಡ ಇಲ್ಲ, ಗಂಡುಮಕ್ಕಳಿಲ್ಲ. ಒಬ್ಬಳು ಮಗಳು, ಉದಗೀರ ಕಡೆ ಕೊಟ್ಟಿದ್ದಾಳೆ.

"ನನ್ನ ಹೆಸರ ಬಂತೇನ್ ಬಾಯಿ?"

"ಇನ್ನಾ ಇಲ್ಲವ್ವ. ಎಲ್ಲಾರ ತಾರೀಖ ಒಳಗ ಹೋಗ್ಬೇಕು, ಆಮ್ಯಾಲ ಪಾಳಿ ತಿಳೀತದ."

"ನಂದು ಎಲ್ಲಾರಕಿಂತ ಮದ್ಲ ಹಚ್ಚಿದ್ದು. ಮಗಳ ಚೊಚ್ಚಲ ಬಸುರಿ ಅದಾಳ. ಕರ್ಕೊಂಡ್ ಬರ್ಬೇಕು. ಕಬ್ಬ ನಿಂತದ, ರಾತ್ರಿ ಹಂದಿ ಬರ್ತಾವ, ನಾ ಹೊಲದಾಗೇ ಮಲಗಾಕಿ. ಬಾಣಂತನ ಎಲ್ಲಿ ಮಾಡ್ಲಿ, ಗುಡಸಲದಾಗ?"

ಸಿಟ್ಟಿಲ್ಲದೆ ಹೇಳಿದಳು. ಕೈಯಲ್ಲಿದ್ದ ಎರಡು ಕಬ್ಬಿನ ತುಂಡು ಕಿಂಡಿಯಲ್ಲಿ ತೂರಿಸಿ ಹೋದಳು. ಕಂಪ್ಯೂಟರ್ ಕೋಣೆಯಲ್ಲಿ ತಿನ್ನಬಾರದು. ತಿಂದೆ. ಸಿಹಿ.

೨೪ ನವೆಂಬರ್, ಮಂಗಳವಾರ

ಪೆಟ್ಟಿಗೆಯಿಂದ ಅಜ್ಜಿಯನ್ನು ತೆಗೆದು ಟಿಫಿನ್ ಚೀಲದಲ್ಲಿ ಒಯ್ದೆ. ನೋಡಬೇಕಿತ್ತು, ಅಷ್ಟೇ. ಕೆಟ್ಟಿದ್ದರೆ ನನ್ನ ಸುಳ್ಳು ನಿಜವಾಗುತ್ತಿತ್ತು. ಕೆಟ್ಟಿರಲಿ ಎಂದು ಕೈ ಮುಗಿದೆ.

ಡ್ರೈವಿನ ದೀಪ ಹತ್ತಿತು. ಒಂದು ಸಲ ಗುರ್ ಅಂತು, ಹೆಸರುಗಳು ಬಂದವು. ಒಂದೂ ಹೋಗಿಲ್ಲ. ಗಯಾಬಾಯಿಯನ್ನು ಹುಡುಕಿದೆ. ಮೊದಲ ಪುಟದಲ್ಲೇ ಇದ್ದಾಳೆ. ಹೇಳಿದ್ದು ಖರೆ, ಎಲ್ಲರಿಗಿಂತ ಮೊದಲಿನವರಲ್ಲಿ ಅವಳು.

ಇವತ್ತೇ ಕೊಟ್ಟರೆ ಈ ವಾರ ಚೀಟಿ. ಇವತ್ತೇ ಕೊಟ್ಟರೆ ಮಾರ್ಗಶಿರದಲ್ಲಿ ಇನ್ನೂ ಮುಹೂರ್ತವಿದೆ. ಎರಡೂ ಒಂದೇ ಫ್ಲಾಪಿಯಲ್ಲಿವೆ.

ತೆಗೆದು ಚೀಲದಲ್ಲಿ ಹಾಕಿಕೊಂಡು ಬಂದೆ. ಸೀರೆಯ ಮಡಿಕೆಯಲ್ಲಿ ಮತ್ತೆ ಇಟ್ಟೆ. ಪೆಟ್ಟಿಗೆ ಮುಚ್ಚಿ ತಿರುಗಿದರೆ ಮಾಮಾ ಬಾಗಿಲಲ್ಲಿ. ನೀರು ಕೇಳಿದ. ಕೊಟ್ಟೆ.

೬ ಡಿಸೆಂಬರ್, ಭಾನುವಾರ
ಬಸವಕಲ್ಯಾಣ

ಅವ್ವನಿಗಾದರೂ ಹೇಳೋಣ ಎಂದು ಬಸ್ಸು ಹತ್ತಿ ನಮ್ಮೂರಿಗೆ ಬಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕೋಟೆ ಕಾಣಿಸುವ ಹೊತ್ತಿಗೆ ಎಲ್ಲ ಬಾಯಿಪಾಠವಾಗಿತ್ತು.

ಅವ್ವ ಶಾವಿಗೆ ಹೊಸೆಯುತ್ತಿದ್ದಳು. ಮದುವೆಗೆ ಈಗಿನಿಂದಲೇ. ಪಕ್ಕದ ಮನೆಯ ಭಾಗಮ್ಮನೂ ಕೂತಿದ್ದಳು.

"ನಿನ್ನ ಮಗಳ ಪುಣ್ಯ ನೋಡು," ಅಂದಳು ಭಾಗಮ್ಮ. "ಅತ್ತಿನೇ ಅಜ್ಜಿ, ಗಂಡನೇ ಮಾಮಾ. ಹೊಸಾ ಮನಿ ಅಂತ ಅಳೂದೇ ಇಲ್ಲ."

ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. "ನಾ ಹೊಲಕ್ಕ ಹೋದಾಗ ಇಕಿ ತೊಟ್ಟಿಲ ದಾರ ಅಂವನ ಕೈಯಾಗೇ ಕೊಡ್ತಿದ್ದೆ. ಕೈ ಸೋತರೂ ಬಿಡ್ತಿರಲಿಲ್ಲ."

ಇದನ್ನು ಅವಳು ಒಳ್ಳೆಯ ಮಾತೆಂದು ಹೇಳಿದಳು. ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಬಿಟ್ಟು ಅವರ ಪಕ್ಕ ಕೂತೆ. ಶಾವಿಗೆ ಹೊಸೆದೆ. ಅವ್ವನಿಗಿಂತ ತೆಳ್ಳಗೆ ಬಂತಂತೆ, ಹೊಗಳಿದರು.

೧೨ ಡಿಸೆಂಬರ್, ಶನಿವಾರ

ಮಾಮಾ ಲೂನಾ ತಂದಿದ್ದ. ಕುಲ್ಸುಮ್ ಬೀ ಕೀಲಿ ತೆಗೆದು, "ಲೇಕೇ ಜಾವ್," ಎಂದು ನನ್ನನ್ನು ಪಾರ್ಸಲ್ಲಿನಂತೆ ಒಪ್ಪಿಸಿದಳು. ಹಿಂದೆ ಕೂತೆ. ನಡುವೆ ನನ್ನ ಟಿಫಿನ್ ಚೀಲ.

"ಕೆಲಸ ಎಲ್ಲಿ ಮಟ ಬಂತು?"

"ಇನ್ನಾ ಭಾಳ ಅದ ಮಾಮಾ."

ಒಂದು ಟ್ರ್ಯಾಕ್ಟರು ಎದುರಿಗೆ ಬಂತು, ಪಕ್ಕಕ್ಕೆ ನಿಲ್ಲಿಸಿದ. ತಿರುಗಿ ನೋಡದೆ ಅಂದ:

"ಇರ್ಲಿ. ಸಾವಕಾಶ ಮಾಡು. ಅವಸರ ಏನದ."

ಮದುವೆಗೆ ಇಷ್ಟು ವರ್ಷ ಕಾದವನು ಹೇಳುವ ಮಾತೇ ಇದು? ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಧೈರ್ಯವೂ ಇಲ್ಲ.

೨೦ ಡಿಸೆಂಬರ್, ಭಾನುವಾರ
ಎಳ್ಳಮಾಸಿ

ಮಾರ್ಗಶಿರ ಇವತ್ತಿನ ಅಮಾವಾಸ್ಯೆಗೆ ಮುಗಿಯಿತು. ಗೆದ್ದೆ. ಒಂದು ತಿಂಗಳು ನನ್ನದು.

ಗಯಾಬಾಯಿ ಕಿಂಡಿಯಲ್ಲಿ ಆಮಂತ್ರಣ ಕೊಟ್ಟಿದ್ದಳು, ಹೊಲಕ್ಕೆ ಭಜ್ಜಿ ಉಣ್ಣಲು ಬಾ ಎಂದು. ಹೋಗಬಾರದಿತ್ತು. ಹೋದೆ. ಬೇಮಳಖೇಡದ ಹೊಲಗಳ ತುಂಬ ಜನ — ಗಾಡಿ ಕಟ್ಟಿಕೊಂಡು, ಬುಟ್ಟಿ ಹೊತ್ತುಕೊಂಡು, ಹುಡುಗರು ಭೂತಾಯಿಯ ಎಡೆ, ಚೆರಗ, ಚೆಲ್ಲುತ್ತ ಕೂಗುತ್ತ. ಗಯಾಬಾಯಿಯ ಹೊಲದಲ್ಲಿ ಅವಳೊಬ್ಬಳೇ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂರಿಸಿದ್ದಳು. ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ, ಎಳ್ಳಿನ ಹೋಳಿಗೆ. ಒಬ್ಬಳಿಗಾಗಿ ಇಷ್ಟು ಮಾಡಿದೆಯಾ ಎಂದರೆ, "ನೀ ಬರ್ತಿದ್ದೆಲ್ಲ," ಅಂದಳು.

ಕಬ್ಬು ಬೆಳ್ಳಗೆ ತುರಾಯಿ ಬಿಟ್ಟು ನಿಂತಿದೆ. ಬದುವಿನ ಕಡೆಯೆಲ್ಲ ಹಂದಿ ತಿಂದು ಮಲಗಿಸಿವೆ. ಗುಡಿಸಲಿನಲ್ಲಿ ಒಂದು ಕಂಬಳಿ, ಒಂದು ಲಾಟೀನು, ಬಡಿಯಲು ಒಂದು ತಗಡಿನ ಡಬ್ಬಿ. ಗೂಟಕ್ಕೆ ಹೊಸ ಕುಂಚಿಗೆ ನೇತುಹಾಕಿದ್ದಳು, ಕೂಸಿಗೆ ತಾನೇ ಹೊಲಿದದ್ದು.

"ಮಗಳ ಅತ್ತಿ ಹೇಳಿ ಕಳಿಸ್ಯಾಳ. ತವರ್ಮನಿ ಅದನೋ ಇಲ್ಲೋ ಅಂತ." ನನ್ನ ತಟ್ಟೆಗೆ ಮತ್ತೆ ಭಜ್ಜಿ ಬಡಿಸಿದಳು. "ನೀ ಉಣ್ಣು. ನಿನ್ನ ಮಿಶೀನ್ ಕೆಟ್ರ ನೀ ಏನ್ ಮಾಡ್ತಿ. ಹಗಲೆಲ್ಲ ಕೀಲಿ ಹಾಕ್ಕೊಂಡ್ ದುಡಿಯಾಕತ್ತಿ."

ತಟ್ಟೆ ಖಾಲಿ ಮಾಡಿದೆ, ಅವಳು ನೋಡುತ್ತಿದ್ದಳು.

ನಾಳೆ ಕೊಟ್ಟುಬಿಡಬಹುದು. ಪುಷ್ಯ ಬಂತು, ಹೇಗೂ ಮದುವೆ ಆಗದು. ಆದರೆ ಲಿಸ್ಟ್ ಮುಗಿದರೆ ಕೆಲಸ ಮುಗಿಯಿತು. ನಾಳೆಯಿಂದಲೇ ಮನೆಯಲ್ಲಿ ಕೂರಿಸುತ್ತಾರೆ, ಮಾಘದ ಮೊದಲ ಮುಹೂರ್ತಕ್ಕೆ ಅರಿಶಿನ. ಇನ್ನೊಂದು ವಾರ. ಇನ್ನೊಂದೇ ವಾರ.

೪ ಜನವರಿ ೧೯೮೮, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ — ನಿಧಾನವಾಗಿ ಟೈಪ್ ಮಾಡಿದೆ, ಮಾಡಿದ್ದನ್ನು ತಪ್ಪೆಂದು ಅಳಿಸಿದೆ.

ಇವತ್ತು ಕಿಂಡಿಯಲ್ಲಿ ಗಯಾಬಾಯಿ. ಹೆಸರು ಬಂತೇನು ಎಂದು ಕೇಳಲಿಲ್ಲ. ನಾನೇ ಕೇಳಿದೆ, ಮಗಳು ಹೇಗಿದ್ದಾಳೆ ಎಂದು.

"ಹಡದಾಳ. ಶುಕ್ರವಾರ. ಹೆಣ್ಣು."

"ಚಲೋ ಆಯ್ತಲ್ಲವ್ವ!"

"ಭಾಳ ತ್ರಾಸ ಆಯ್ತಂತ. ಒಂದ್ ಹಗಲಾ ಒಂದ್ ರಾತ್ರಿ. ಅವ್ವಾ ಅವ್ವಾ ಅಂತ ಕೂಗಿದ್ಳಂತ." ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಇಲ್ಲಿ ಡಬ್ಬಿ ಬಡ್ಕೋತ ಹಂದಿ ಓಡಿಸಾಕತ್ತಿದ್ದೆ."

ಆಮೇಲೆ ಕಿಂಡಿಯಲ್ಲಿ ಕೈ ಹಾಕಿ ನನ್ನ ಕೈ ಹಿಡಿದಳು. ನಾನು ಅಳುತ್ತಿದ್ದೆ. ಅವಳೇ ಸಮಾಧಾನ ಮಾಡಿದಳು. "ನೀ ಯಾಕ ಅಳ್ತಿ ಬಾಯಿ. ನಿಂದೇನ್ ತಪ್ಪು."

ನಿಂದೇನ್ ತಪ್ಪು ಅಂದಳು. ಬೈದಿದ್ದರೆ ಬದುಕುತ್ತಿದ್ದೆ.

ಒಲ್ಲೆ ಅನ್ನಲು ನನಗೆ ಬಾಯಿ ಇಲ್ಲ. ಆ ಮಾತು ನನ್ನೊಳಗೆ ಇಟ್ಟುಕೊಂಡದ್ದಕ್ಕೆ ಆ ಹುಡುಗಿ ತಾಯಿಯಿಲ್ಲದೆ ಹೆತ್ತಳು. ಸಾಕು. ನಾಳೆ ಅಜ್ಜಿಯನ್ನು ಒಯ್ಯುತ್ತೇನೆ. ಮಾಘ ಬಂದರೆ ಬರಲಿ.

೫ ಜನವರಿ, ಮಂಗಳವಾರ, ಬೆಳಿಗ್ಗೆ

ಪೆಟ್ಟಿಗೆಯಲ್ಲಿ ಇಲ್ಲ.

ಸೀರೆ ಬಿಡಿಸಿ ಕೊಡವಿದೆ. ಬುಡದವರೆಗೆ ತೆಗೆದೆ. ಅಜ್ಜಿಯನ್ನು ಕೇಳಿದೆ. "ನಿನ್ನ ಕರಿ ಕಾಗದಾ? ನಾ ಯಾಕ ಮುಟ್ಟಲಿ?" ಅಂದಳು. ಮಂಚದ ಕೆಳಗೆ ಬಗ್ಗಿದೆ — ಪೆಟ್ಟಿಗೆ ಇಡುವ ಜಾಗಕ್ಕೆ ಒತ್ತಿ ಮಾಮಾನ ಹಳೆಯ ಯೂನಿಟ್ಟುಗಳು. ಎಷ್ಟು ದಿನದಿಂದ ಇವೆಯೋ. ನಾನು ನೋಡೇ ಇರಲಿಲ್ಲ.

ಕೊಡಲು ಮನಸ್ಸಿದ್ದ ದಿನ ಇಲ್ಲ. ಇದಕ್ಕೆ ಏನನ್ನಬೇಕು.

ಅದೇ ದಿನ, ಸಂಜೆ

ಮಾಮಾ ಅಂಗಡಿ ಬಾಗಿಲು ಅರ್ಧ ಎಳೆದು ಕೂತಿದ್ದ. ನಾನು ಬಾಯಿ ಬಿಡುವ ಮೊದಲೇ ಎದ್ದು, "ಬಾ," ಅಂದ. ನಮ್ಮ ಪಕ್ಕದ ಮನೆಗೆ ಕರೆದುಕೊಂಡು ಹೋದ. ಬಿಸ್ಮಿಲ್ಲಾ ಬೀ ಮನೆ. ರೇಡಿಯೋ ಕೂಡ ಇಲ್ಲದ, ಅಂದರೆ ಅಯಸ್ಕಾಂತದ ಭಯವೇ ಇಲ್ಲದ ಮನೆ. ಅವಳು ಗೋಡೆಯ ಗೂಡಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದುಕೊಟ್ಟಳು. ಅಜ್ಜಿ.

ಹಿತ್ತಲ ಕಟ್ಟೆಯ ಮೇಲೆ ಕೂತೆವು.

"ಕಪಾಟಿನಾಗ ನನ್ನ ಯೂನಿಟ್ ಇತ್ತು, ಅದರಿಂದಾನೇ ಹೋಯ್ತು ಅಂತ ನಂಗ ಅವತ್ತೇ ತಿಳೀತು. ಸೌಂಡ್ ಅಂಗಡಿ ಇಟ್ಟಾಂವಗ ಅಷ್ಟೂ ತಿಳೀಲ್ವಾ? ನೀ ನನ್ನ ಹೆಸರ ಹೇಳ್ಲಿಲ್ಲ. ಮನ್ಯಾಗಿಂದು ಅದಲ್ಲ, ತರ್ತಾಳ ಅಂದ್ಕೊಂಡೆ."

ನಾನು ನೆಲ ನೋಡುತ್ತಿದ್ದೆ.

"ಒಂದಿನ ಒಯ್ದಿ. ಹೊಳ್ಳಿ ತಂದ್ ಇಟ್ಟಿ. ನಾಕ್ ದಿನ ಕಾಯ್ದೆ, ಊರಾಗ ಚೀಟಿ ಬಂದಾವೇನಂತ. ಬರ್ಲಿಲ್ಲ. ಆಗ ನಂಗ ಉತ್ತರ ಸಿಕ್ತು, ಕೇಶರ. ಯೂನಿಟ್ ಬಾಜೂಕ ಇದ್ರ ಇದೂ ಹೋಗ್ತದಂತ ತೆಗೆದಿಟ್ಟೆ. ನಿಂಗ ಬೇಕಾದ ದಿನ ಕೇಳ್ತಿ ಅಂತ ಗೊತ್ತಿತ್ತು."

"ನೀ ಯಾಕ ಕೇಳ್ಲಿಲ್ಲ ಮಾಮಾ?"

"ಏನಂತ ಕೇಳ್ಲಿ? ನಿನ್ನ ತೊಟ್ಟಿಲ ತೂಗಿದಾಂವ ನಾ. ಮದಿವಿ ಅಂದ್ರ ನಂಗೂ ಮೈ ಹಿಂಜರೀತದ. ಅವ್ವಗ ಹೇಳಾಕ ನಂಗೂ ಬಾಯಿ ಬರ್ಲಿಲ್ಲ. ಮಿಶೀನ್ ಕೆಟ್ಟದ್ದು ನಂಗೂ ಚಲೋನೇ ಆಗಿತ್ತು ನೋಡು."

ನಕ್ಕ. ನನಗೆ ನಗು ಬಂತು, ಅಳು ಬಂತು, ಯಾವುದು ಮೊದಲೋ ತಿಳಿಯದು. ಒಂದೇ ಮನೆಯಲ್ಲಿ ಒಂದೇ ಮಾತಿಗೆ ಉಸಿರುಕಟ್ಟಿ ಕೂತಿದ್ದೆವು ಇಬ್ಬರೂ. ನಮ್ಮಿಬ್ಬರ ಮುಚ್ಚಿದ ಬಾಯಿಗೆ ಗಯಾಬಾಯಿಯ ಮಗಳು ದಂಡ ಕಟ್ಟಿದಳು. ಅವಳ ವಿಷಯ ಹೇಳಿದೆ. ಮಾಮಾನ ನಗು ನಿಂತಿತು.

"ಅವ್ವಗ ನಾ ಹೇಳ್ತೀನಿ," ಅಂದ. "ನಾ ಒಲ್ಲೆ ಅಂತ. ಗಂಡಸಿಗೇನು, ನಾಕ್ ದಿನ ಬೈತಾರ. ನಿನ್ನ ಹೆಸರ ಬರೂದಿಲ್ಲ."

ತಲೆ ಆಡಿಸಿದೆ. ಹ್ಞೂಂ ಅಂದೆನೋ ಉಹ್ಞೂಂ ಅಂದೆನೋ, ಈಗ ಬರೆಯುವಾಗಲೂ ಹೇಳಲಾರೆ.

೮ ಜನವರಿ, ಶುಕ್ರವಾರ

ಶರಣಪ್ಪನವರಿಗೆ ಹೇಳಿದೆ, ಒಂದು ನಕಲು ಮನೆಯಲ್ಲಿತ್ತು, ಹೆದರಿ ಮುಚ್ಚಿಟ್ಟೆ, ಕಪಾಟಿನಲ್ಲಿ ಭೋಂಗಾ ಯೂನಿಟ್ ಇಟ್ಟವಳೂ ನಾನೇ. ಅವರ ಮುಖ ಕೆಂಪಾಯಿತು, ಬಿಳಿಚಿತು. "ಎರಡು ತಿಂಗಳು ನನ್ನ ಕೊಂದಿ ಬಾಯಿ!" ಆಮೇಲೆ ಧ್ವನಿ ಇಳಿಸಿ, "ಇದ್ರೊಳಗ ಎಲ್ಲಾ ಅವ?" ಅಂದರು. ಎಲ್ಲ ಅವೆ ಅಂದೆ; ಆಮೇಲಿನ ಹೆಸರುಗಳನ್ನು ಈ ಮೂರು ದಿನ ಕೂತು ಸೇರಿಸಿದ್ದೆ. "ಹಂಗಾರ ಮದ್ಲ ಪ್ರಿಂಟ್ ತೆಗಿ. ನಿನ್ನ ಆಮ್ಯಾಲ ನೋಡ್ಕೋತೀನಿ."

ಪ್ರಿಂಟರ್ ಇಡೀ ದಿನ ಕಿರ್ರ್ ಅಂತು. ಬಾಗಿಲಿಗೆ ಕೀಲಿ ಇಲ್ಲ. ಕುಲ್ಸುಮ್ ಬೀ ಖಾಲಿ ಸೊಂಟ ತಡವಿಕೊಂಡು, "ಛೂಟ್ ಗಯೀ?" ಅಂದಳು, ಬಿಡುಗಡೆಯಾಯಿತೇ ಎಂದು.

ಮೊದಲ ಕಟ್ಟಿನಲ್ಲೇ ಗಯಾಬಾಯಿಯ ಚೀಟಿ. ಗ್ಯಾಂಗು ಸೋಮವಾರ ಹೋಗುತ್ತದೆ. ಕಿಂಡಿಯಲ್ಲಿ ಕೊಡಲಿಲ್ಲ, ಹೊರಗೆ ಹೋಗಿ ಕೈಗೆ ಕೊಟ್ಟೆ. ಲಿಸ್ಟ್ ಇಷ್ಟು ದಿನ ನನ್ನ ಹತ್ತಿರವೇ ಇತ್ತು, ಬೇಕೆಂದೇ ಕೊಡಲಿಲ್ಲ — ಅದನ್ನೂ ಹೇಳಿದೆ. ಯಾಕೆಂದೂ ಹೇಳಿದೆ.

ಗಯಾಬಾಯಿ ಬಹಳ ಹೊತ್ತು ಚೀಟಿಯನ್ನೇ ನೋಡಿದಳು. ಓದಲು ಬರುವುದಿಲ್ಲ ಅವಳಿಗೆ. ಮಡಚಿ ಎಲೆಚೀಲದಲ್ಲಿ ಇಟ್ಟುಕೊಂಡಳು.

"ನಿಮ್ಮ ಮನ್ಯಾಗ ಹೇಳಿದಿ?"

"ಮಾಮಾ ಹೇಳ್ತಾನಂತ. ತಾನೇ ಒಲ್ಲೆ ಅಂತ."

"ಹಂಗಾರ ಅಂವನೂ ದಂಡ ಕಟ್ಟಬೇಕೇನು, ನಿನ್ನ ಸಲುವಾಗಿ," ಅಂದಳು. ಎದ್ದು ಹೋದಳು. ತಿರುಗಿ ನೋಡಲಿಲ್ಲ.

೧೦ ಜನವರಿ, ಭಾನುವಾರ, ಸಂಜೆ

ಅವ್ವ ಕಲ್ಯಾಣದಿಂದ ಬಂದಿದ್ದಾಳೆ, ಮಾಘದ ದಿನ ಗೊತ್ತುಮಾಡಲು. ಶಾವಿಗೆ ಡಬ್ಬಿ ತಂದಿದ್ದಾಳೆ. ನಾನು ಒಳಕೋಣೆಯಲ್ಲಿ. ಬಾಗಿಲು ಮುಂದೆ ಮಾಡಿದೆ. ಮಾಮಾ ಹೊರಗೆ ಶುರುಮಾಡಿದ.

ಅಜ್ಜಿಯ ದನಿ. ಈ ದನಿ ನಾನು ಕೇಳಿಲ್ಲ. "ಇಪ್ಪತ್ತೆರಡು ವರ್ಷ ಕಟ್ಟಿಹಾಕಿ ಈಗ ಒಲ್ಲೆ ಅಂತಿ? ಹುಡುಗಿ ಬಾಳ ಹಾಳ್ ಮಾಡಿದಿ! ಎಂಥಾ ಮಗನ್ನ ಹಡದೆ!" ಅವ್ವ ಹಣೆ ಬಡಿದುಕೊಳ್ಳುವುದು ಕೇಳಿಸುತ್ತಿದೆ. "ಯಾಕಲೇ ತಮ್ಮಾ, ನನ್ನ ಮಗಳಾಗ ಏನ್ ಐಬ ಅದ? ಬಾಯಿ ಬಿಡು!"

ಮಾಮಾ ಬಾಯಿ ಬಿಡುತ್ತಿಲ್ಲ.

ಅಜ್ಜಿ ಅಳುತ್ತಿದ್ದಾಳೆ. ನಡು ನಡುವೆ ಅವನನ್ನು ಹೊಡೆಯುತ್ತಿದ್ದಾಳೆ, ಬಳೆ ಸದ್ದಾಗುತ್ತಿದೆ. ಇನ್ನು ಈ ಮನ್ಯಾಗ ಉಣ್ಣಬ್ಯಾಡ ಅಂದಳು. ನನ್ನ ಹೆಣಕ್ಕೂ ಬರಬ್ಯಾಡ ಅಂದಳು. ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು. ಅವನು ಹೊರಟ.

ಸುಮ್ಮನಿದ್ದರೆ ಇಲ್ಲಿಗೆ ಮುಗಿಯುತ್ತದೆ. ನನಗೆ ಬೇಕಾದದ್ದು ಸಿಕ್ಕಿತು, ನನ್ನ ಹೆಸರಿಲ್ಲದೆ. ನನ್ನ ದಂಡ ಮತ್ತೆ ಬೇರೆ ಯಾರೋ ಕಟ್ಟಿದರು.

ಇಲ್ಲ. ಗಯಾಬಾಯಿಯದೇ ಸಾಕು.

ಎದ್ದು ನಿಂತೇ ಬರೆಯುತ್ತಿದ್ದೇನೆ. ಹೇಳುವುದು ಉದ್ದವೇನಿಲ್ಲ, ಒಂದು ಸಲ ಇಲ್ಲಿ ಬರೆದುಕೊಂಡರೆ ಬಾಯಿಗೆ ಬಂದೀತು —

ಅಜ್ಜಿ, ಅಂವನ್ನ ಹೊಡೀಬ್ಯಾಡ. ಮಾಮಾ ಸುಳ್ಳು ಹೇಳಾಕತ್ತಾನ. ಒಲ್ಲೆ ಅನ್ನಾಕಿ —